ತೊಗರಿ ನಾಡಿನ ರೇಷನ್ ಚೀಲ

ಯಾದಗಿರಿಯಿಂದ ಶಹಾಪುರದ ಕಡೆ ಹೊರಟರೆ ದಾರಿಯುದ್ದಕ್ಕೂ ಹತ್ತಿ, ಹಳದಿ ಹೂವಿನ ತೊಗರಿ. ಒಳದಾರಿಯ ಊರೊಂದರಲ್ಲಿ ನ್ಯಾಯಬೆಲೆ ಅಂಗಡಿ ಮುಂದೆ ಹೆಂಗಸರು ಚೀಲ ಹಿಡಿದು ನಿಂತಿದ್ದರು. ಹತ್ತಿ ಬಿಡಿಸಿ ಬೆರಳು ಸವೆದ ಮುದುಕಿಯ ಹೆಬ್ಬೆಟ್ಟನ್ನು ಯಂತ್ರ ನಾಲ್ಕಾರು ಸಲ ಒತ್ತಿಸಿಕೊಂಡ ಮೇಲೆ ಒಪ್ಪಿತು.

2013ರಲ್ಲಿ ಅನ್ನಭಾಗ್ಯ ಬಂದಾಗ ಅಕ್ಕಿ ಕಿಲೋಗೆ ಒಂದು ರೂಪಾಯಿ. ಆಮೇಲೆ ಆ ಒಂದು ರೂಪಾಯಿಯೂ ಇಲ್ಲ. 2025ರ ಫೆಬ್ರುವರಿಯಿಂದ ಒಬ್ಬರಿಗೆ ತಿಂಗಳಿಗೆ 10 ಕಿಲೋ ಕೊಡತೊಡಗಿದರು. ಕೂಲಿ ಸಿಗದ ತಿಂಗಳಲ್ಲೂ ಒಲೆ ಹೊತ್ತುತ್ತದೆ ಎಂದರು ಸಾಲಿನಲ್ಲಿದ್ದವರು. ಇದನ್ನು ಹಗುರವಾಗಿ ಆಡುವವರು ಸಾಲದ ಜೋಳ ತಂದು ಉಂಡವರಲ್ಲ.

ಪಕ್ಕದ ಓಣಿಯ ಮನೆಯಲ್ಲಿ ಒಬ್ಬ ತಾಯಿ ಮೊರದಲ್ಲಿ ಅಕ್ಕಿ ಹರವಿಕೊಂಡು ಕೆಲವು ಬಿಳಿ ಕಾಳುಗಳನ್ನು ಆರಿಸಿ ಅಂಗಳಕ್ಕೆ ಎಸೆಯುತ್ತಿದ್ದಳು. “ಇವು ಪ್ಲಾಸ್ಟಿಕ್ ಅಕ್ಕಿ ಅಂತಾರ್ರೀ ಅಕ್ಕಾರ, ನೀರಾಗ ತೇಲ್ತಾವ.” ಅವು ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾಳಿನ ಆಕಾರಕ್ಕೆ ತಂದವು, ನೂರು ಕಾಳಿಗೆ ಒಂದರಂತೆ ಸೇರಿಸಿದವು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಮಗುವಿನ ಒಳ್ಳೆಯದಕ್ಕೆಂದೇ ಆ ತಾಯಿ ಅದಕ್ಕೆ ಬೇಕಾದ ಕಾಳನ್ನು ಎಸೆಯುತ್ತಿದ್ದಾಳೆ. ತಪ್ಪು ಅವಳದಲ್ಲ, ಅವಳಿಗೆ ಯಾರೂ ಹೇಳಿಲ್ಲ.

ಅದೇ ಊರಿನ ಶಾಲೆಯ ಅಡುಗೆಕೋಣೆಯಲ್ಲಿ ಮೊಟ್ಟೆ ಬೇಯುತ್ತಿತ್ತು. ಬಿಸಿಯೂಟದ ಜೊತೆ ಮೊಟ್ಟೆ ಮೊದಲು ಬಂದದ್ದು 2021ರ ಡಿಸೆಂಬರ್‌ನಲ್ಲಿ, ಈ ಭಾಗದ ಜಿಲ್ಲೆಗಳಿಗೇ, ಒಲ್ಲದವರಿಗೆ ಬಾಳೆಹಣ್ಣು. ಎಷ್ಟು ವಿರೋಧವೆದ್ದಿತ್ತು ಆಗ! ಇಲ್ಲಿ ಮಕ್ಕಳು ಹಳದಿಯನ್ನು ಕೊನೆಗೆಂದು ಉಳಿಸಿಕೊಂಡು ತಿನ್ನುವುದನ್ನು ನೋಡಿದರೆ ಆ ವಾದಗಳಲ್ಲಿ ಒಂದೂ ನಿಲ್ಲುವುದಿಲ್ಲ.

ಅಕ್ಕಿ ಹೊಟ್ಟೆ ತುಂಬಿಸುತ್ತದೆ; ಮೈ ಹಿಡಿಯಲು ಬೇಳೆ, ಮೊಟ್ಟೆ, ಹಾಲು, ಸೊಪ್ಪು ಬೇಕು. ಮೊರದ ಮುಂದಿದ್ದ ತಾಯಿಯನ್ನು ಬೇಳೆಯ ಬಗ್ಗೆ ಕೇಳಿದೆ. ತೊಗರಿ ಹೊಲದಲ್ಲಿ ಕಳೆ ತೆಗೆಯುವವಳು ಅವಳು. ಬೇಳೆಯನ್ನು ಮಾತ್ರ ಸಂತೆಯಲ್ಲಿ ಪಾವಿನ ಲೆಕ್ಕದಲ್ಲಿ ಕೊಳ್ಳುತ್ತಾಳೆ; ಸಾರು ಬಹಳ ದಿನ ತಿಳಿ. ಆ 10 ಕಿಲೋದಲ್ಲಿನ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆಯ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಆ ಬೇಳೆಯನ್ನು ಇಲ್ಲಿನ ರೈತರಿಂದಲೇ ಕೊಳ್ಳಲಿ. ರೇಷನ್ ಹಂಚುವ ದಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಅಂಗಡಿ ಮುಂದೆ ಕೂತು, ಆ ಬಿಳಿ ಕಾಳನ್ನು ಅಂಗೈಯಲ್ಲಿಟ್ಟು ತೋರಿಸಿ, ಎಸೆಯಬೇಡಿ ಎಂದು ಹೇಳಲಿ.