ದೀಹದ ಬೇಟೆ: ಧಾರವಾಡ ಸೀಮೆಯ ಒಂದು ವಿದ್ಯೆಯ ಇತಿಹಾಸ

ಬೇಟೆಯಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮೃಗವನ್ನು ಬೆನ್ನಟ್ಟಿ ಹಿಡಿಯುವುದು ಮೊದಲನೆಯದು; ಮೃಗವೇ ಬೇಟೆಗಾರನಿರುವಲ್ಲಿಗೆ ಬರುವಂತೆ ಮಾಡುವುದು ಎರಡನೆಯದು. ಮೊದಲನೆಯದಕ್ಕೆ ಕುದುರೆ, ನಾಯಿ, ಪರಿವಾರಗಳು ಬೇಕು. ಎರಡನೆಯದಕ್ಕೆ ಪ್ರಾಣಿಸ್ವಭಾವದ ಸೂಕ್ಷ್ಮ ಜ್ಞಾನ ಬೇಕು. ಅಮೆರಿಕೆಯ ಹೊಲಗಳಲ್ಲಿ ಗಾಯಗೊಂಡ ಮೊಲದ ಕೂಗನ್ನು ಅನುಕರಿಸಿ, ಕಯೋಟಿ ಎಂಬ ತೋಳಜಾತಿಯ ಪ್ರಾಣಿಯನ್ನು ಕರೆದು ಕೊಲ್ಲುವ ಪದ್ಧತಿ ಇಂದಿಗೂ ರೂಢಿಯಲ್ಲಿದೆ. ಕೂಗಿನಿಂದ ಕರೆಯುವ ಇಂತಹ ಬೇಟೆ ನಮ್ಮ ಸೀಮೆಗೂ ಹೊಸದಲ್ಲ. ಇದನ್ನು ಕುಲಕಸುಬಾಗಿ ಬಲ್ಲವರು ಹರಣಶಿಕಾರಿಗಳು ಹಾಗೂ ಅವರಿಗೆ ಸಮೀಪದವರಾದ ಪಾರ್ಧಿಗಳು. ಒಂದೇ ವಿದ್ಯೆಯು ಒಬ್ಬನ ಕೈಯಲ್ಲಿ ವಿನೋದವೆಂದೂ ಇನ್ನೊಬ್ಬನ ಕೈಯಲ್ಲಿ ಅನುಮಾನಾಸ್ಪದ ಕಸುಬೆಂದೂ ಹೇಗೆ ಎಣಿಕೆಯಾಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಬೇಟೆಯ ಕ್ರಮವನ್ನು ತಿಳಿಯಬೇಕು. ಕೌಜುಗ ಹಕ್ಕಿಯ ಬೇಟೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎರೆಹೊಲದ ಬದುವಿನಲ್ಲಿ ಪೊದೆಗಳಿರುವ ಸ್ಥಳವನ್ನು ಆರಿಸಿ, ಬೆಳಕು ಹರಿಯುವ ಮುನ್ನವೇ ಸಾಕಿದ ಗಂಡು ಕೌಜುಗವನ್ನು ಪಂಜರದೊಡನೆ ನೆಲದ ಮೇಲಿಡುವರು. ಸುತ್ತಲೂ ಉರುಲುಗಳನ್ನು ಹೂಡಿ ಬೇಟೆಗಾರನು ಮರೆಯಲ್ಲಿ ಕುಳಿತಿರುವನು. ಬೆಳಗಾಗುತ್ತಲೇ ಪಂಜರದ ಹಕ್ಕಿ ಕೂಗತೊಡಗುತ್ತದೆ. ಕೌಜುಗದ ಗಂಡು ತನ್ನದೆಂದು ಭಾವಿಸಿದ ನೆಲೆಯೊಳಗೆ ಪರಕೀಯ ಗಂಡಿನ ಕೂಗನ್ನು ಸಹಿಸಲಾರದು. ಅದು ಕೂಗಿಗೆ ಕೂಗು ಕೊಡುತ್ತ, ಕಾದಾಡಲು ಓಡಿಬಂದು ಉರುಲಿಗೆ ಸಿಕ್ಕುತ್ತದೆ. ಕೆಲವೊಮ್ಮೆ ಪಂಜರದ ಹಕ್ಕಿಯೂ ಬೇಡ. ನುರಿತವನ ಗಂಟಲೇ ಆ ಕೆಲಸವನ್ನು ಮಾಡುವುದು. ಕಯೋಟಿಯನ್ನು ಎಳೆತರುವುದು ಹಸಿವು. ಕೌಜುಗವನ್ನು ಎಳೆತರುವುದು ನೆಲದ ಅಭಿಮಾನ. ಕಾರಣ ಬೇರೆಯಾದರೂ ಉಪಾಯ ಒಂದೇ.

ಹೀಗೆ ಇತರ ಪ್ರಾಣಿಗಳನ್ನು ಸೆಳೆಯಲು ಪಳಗಿಸಿದ ಪ್ರಾಣಿಗೆ ಕನ್ನಡದಲ್ಲಿ ‘ದೀಹ’ ಅಥವಾ ‘ದೀವ’ ಎಂಬ ಹಳೆಯ ಹೆಸರಿದೆ. ಇದಕ್ಕೆ ಪ್ರತ್ಯೇಕ ಶಬ್ದವೇ ಇರುವುದರಿಂದ ಪದ್ಧತಿಯು ನಾಡಿನಲ್ಲಿ ಚೆನ್ನಾಗಿ ನೆಲೆಸಿದ್ದಿತೆಂದು ಊಹಿಸಬಹುದು. ಈ ಊಹೆಗೆ ಗ್ರಂಥದ ಆಧಾರವೂ ಉಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯೆಗೆ ಮೀಸಲಾದ ಭಾಗವಿದ್ದು, ಪಳಗಿಸಿದ ಜಿಂಕೆಯಿಂದ ಕಾಡುಜಿಂಕೆಯನ್ನು ಸೆಳೆಯುವ ವಿಧಾನವು ಅಲ್ಲಿ ಬಂದಿದೆ. ಇಂದಿನ ಧಾರವಾಡ ಸೀಮೆಯೂ ಆಗ ಆ ಸಾಮ್ರಾಜ್ಯಕ್ಕೆ ಸೇರಿದ್ದಿತು. 16ನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ಬರೆದ ‘ಐನ್-ಇ-ಅಕ್ಬರಿ’ಯಲ್ಲಿಯೂ ಇಂತಹದೇ ವರ್ಣನೆಯಿದೆ: ಸಾಕಿದ ಗಂಡುಜಿಂಕೆಯ ಕೊಂಬಿಗೆ ಬಲೆ ಕಟ್ಟಿ ಬಿಡುವರು, ಅದರೊಡನೆ ಕಾದಲು ಬಂದ ಕಾಡುಜಿಂಕೆಯ ಕೊಂಬು ಬಲೆಯಲ್ಲಿ ತೊಡಕಿಕೊಳ್ಳುವುದು. ಅರಸನು ಇದನ್ನು ವಿನೋದವೆಂದು ಕರೆದನು. ಗ್ರಂಥಕಾರನು ಅದನ್ನು ಶಾಸ್ತ್ರವಾಗಿ ಬರೆದಿಟ್ಟನು.

ಆದರೆ ಈ ವಿದ್ಯೆಯಿಂದ ಹೊಟ್ಟೆ ಹೊರೆಯುತ್ತಿದ್ದವರ ಗತಿ ಬೇರೆಯಾಯಿತು. ಹರಣಶಿಕಾರಿ ಎಂಬ ಹೆಸರಿನಲ್ಲಿಯೇ ಹರಿಣದ ಬೇಟೆಯಿದೆ. ಫಾಸೆಪಾರ್ಧಿ ಎಂಬುದರಲ್ಲಿ ಪಾಶ, ಎಂದರೆ ಉರುಲು, ಇದೆ. ಊರಿಂದೂರಿಗೆ ಅಲೆಯುವುದು ಇವರ ಕಸುಬಿಗೆ ಅನಿವಾರ್ಯ. ಏಕೆಂದರೆ ಒಂದೇ ಹೊಲದಲ್ಲಿ ದಿನವೂ ಹಕ್ಕಿ ಸಿಕ್ಕಲಾರದು. ಆದರೆ ಬ್ರಿಟಿಷ್ ಆಡಳಿತವು ಅಲೆಮಾರಿತನದಲ್ಲಿಯೇ ಅಪರಾಧವನ್ನು ಕಂಡಿತು. 1871ರಲ್ಲಿ ಆರಂಭವಾಗಿ 1911 ಮತ್ತು 1924ರಲ್ಲಿ ಮಾರ್ಪಟ್ಟ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯು ಇಡೀ ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ದಾಖಲಿಸಲು ಅವಕಾಶ ಕೊಟ್ಟಿತು. ಮುಂಬಯಿ ಪ್ರಾಂತದ ಸರಕಾರವು ಹರಣಶಿಕಾರಿಗಳನ್ನೂ ಇತರರನ್ನೂ ವಸಾಹತುಗಳಲ್ಲಿ ಇರಿಸಿತು. ಹುಬ್ಬಳ್ಳಿಯಲ್ಲಿದ್ದ ಅಂತಹ ವಸಾಹತಿನ ನೆನಪು ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರಿನಲ್ಲಿ ಇಂದಿಗೂ ಉಳಿದಿದೆ. ನಸುಕಿನಲ್ಲಿ ಹೊಲದ ಮರೆಯಲ್ಲಿ ಕುಳಿತಿರುವುದು ಬೇಟೆಗೆ ಅಗತ್ಯ. ಅದೇ ಕ್ರಿಯೆಯು ಪೊಲೀಸನ ಕಣ್ಣಿಗೆ ಹೊಂಚುಹಾಕುವಂತೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ದೇಶದಾದ್ಯಂತ ಈ ಕಾಯಿದೆಯು 1952ರ ಆಗಸ್ಟ್ 31ರಂದು ರದ್ದಾಯಿತು. ಕಾಯಿದೆ ಹೋದರೂ ಅದು ಅಂಟಿಸಿದ ಕಳಂಕವು ಅಷ್ಟು ಬೇಗ ಹೋಗಲಿಲ್ಲ.

ವನ್ಯಜೀವಿಗಳ ರಕ್ಷಣೆಗಾಗಿ 1972ರಲ್ಲಿ ಬಂದ ಕಾಯಿದೆಯಿಂದ ಈ ಬೇಟೆ ನಿಷಿದ್ಧವಾಯಿತು. 1974ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವೂ ಸ್ಥಾಪಿತವಾಯಿತು. ಹೊಲಗಳು ವಿಸ್ತರಿಸಿ ಹುಲ್ಲುಗಾವಲುಗಳು ಕುಗ್ಗಿರುವಾಗ ಈ ರಕ್ಷಣೆ ಅವಶ್ಯವೇ ಸರಿ. ಹಳೆಯ ಬೇಟೆ ಮರಳಬೇಕೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಬೇಟೆಯನ್ನು ನಿಲ್ಲಿಸುವುದು ಬೇರೆ, ಬೇಟೆಗಾರನ ಜ್ಞಾನವನ್ನು ಮರೆಯುವುದು ಬೇರೆ. ಕೂಗನ್ನು ಕೇಳಿಸಿ, ಬರುವ ಉತ್ತರದಿಂದ ಪ್ರಾಣಿಗಳ ಇರವನ್ನು ಅರಿಯುವ ಕ್ರಮವನ್ನು ಇಂದಿನ ಪ್ರಾಣಿಶಾಸ್ತ್ರಜ್ಞರೂ ಅನುಸರಿಸುತ್ತಾರೆ.

ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಒಂದು ಪಾಠವುಂಟು. ಮಾನಸೋಲ್ಲಾಸವು ಅರಸನ ಆಸನದಿಂದ ಬೇಟೆಯನ್ನು ನೋಡಿತು. ವಸಾಹತಿನ ಕಡತಗಳು ಠಾಣೆಯ ಕಿಟಕಿಯಿಂದ ಬೇಟೆಗಾರನನ್ನು ನೋಡಿದವು. ಮರೆಯಲ್ಲಿ ಕುಳಿತು ಹಕ್ಕಿಯ ಕೂಗನ್ನು ಕೂಗಿದವನ ಮಾತು ಎರಡರಲ್ಲಿಯೂ ಇಲ್ಲ. ಆ ಮಾತು ಈ ಜನರ ಮನೆಗಳಲ್ಲಿ, ಗುಜರಾತಿಗೆ ಸಮೀಪವಾದ ಅವರ ನುಡಿಯಲ್ಲಿ, ವೃದ್ಧರ ಸ್ಮರಣೆಯಲ್ಲಿ ದೊರೆಯಬೇಕು. ನಮ್ಮ ಕಾಲೇಜುಗಳಿಂದ ಹುಬ್ಬಳ್ಳಿಯ ಸೆಟ್ಲಮೆಂಟಿಗೆ ದೂರವೇನೂ ಇಲ್ಲ. ಉರುಲಿನ ಬಗೆಗಳು, ಕೂಗುಗಳು, ಹಕ್ಕಿಗಳ ಹೆಸರುಗಳು ಇವನ್ನು ಬಲ್ಲವರು ಇರುವಾಗಲೇ ಅವರಿಂದ ಕೇಳಿ ಬರೆದಿಡುವುದು ನಮ್ಮ ವಿದ್ಯಾರ್ಥಿಗಳಿಗೆ ಯೋಗ್ಯವಾದ ಸಂಶೋಧನಕಾರ್ಯವಾಗಿದೆ.