ಧಾರಣೆಯ ಕಡತ: ಇಳಿಸಿಕೊಂಡ ಮೇಲೆ ಪರಿಶೀಲನೆ ಅಗತ್ಯ

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ, ಇವುಗಳ ವಹಿವಾಟೆಲ್ಲವೂ ದಿನದ ಧಾರಣೆಯನ್ನು ಅವಲಂಬಿಸಿದೆ. ಅಡಿಕೆಯಲ್ಲಂತೂ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಒಂದೊಂದು ಬಗೆಗೂ ಬೇರೆ ಬೇರೆ ದರವಿರುತ್ತದೆ. ಕ್ವಿಂಟಾಲಿಗೆ 500 ರೂಪಾಯಿ ತಪ್ಪಾದರೂ 40 ಕ್ವಿಂಟಾಲಿನ ವ್ಯವಹಾರದಲ್ಲಿ 20,000 ರೂಪಾಯಿ ವ್ಯತ್ಯಾಸವಾಗುತ್ತದೆ.

ಮಾರುಕಟ್ಟೆಗಳ ಧಾರಣೆಯನ್ನು ಅಂತರಜಾಲದ ಮೂಲಕ ತಿಳಿಸುವ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಯೋಜನೆಯು 2000ರಲ್ಲಿ ಆರಂಭವಾಯಿತು. 2012ರಲ್ಲಿ ತೆರೆದ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಹೆಸರು ನೋಂದಾಯಿಸಿ ಕೀಲಿಸಂಖ್ಯೆ ಪಡೆದವರಿಗೆ ಇದೇ ಧಾರಣೆಯು ಕಡತದ ರೂಪದಲ್ಲಿಯೂ ದೊರೆಯುತ್ತದೆ. ಆದುದರಿಂದ ಗುಮಾಸ್ತರು ದಿನವೂ ನೋಡಿ ಬರೆದುಕೊಳ್ಳುವ ಕೆಲಸವನ್ನು ಗಣಕಯಂತ್ರಕ್ಕೆ ವಹಿಸಬಹುದು.

ಇದಕ್ಕೆ ಅನುಕೂಲವಾದ ಸಾಧನಗಳಲ್ಲಿ ನೋಡ್ ಜೆಎಸ್ ಒಂದು. ಅಂತರಜಾಲದ ಪುಟಗಳಲ್ಲಿ ಬಳಕೆಯಾಗುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರ್‌ಗಳಲ್ಲಿ ನಡೆಸುವ ಈ ತಂತ್ರಾಂಶವನ್ನು ರಯಾನ್ ಡಾಲ್ 2009ರಲ್ಲಿ ರೂಪಿಸಿದರು. 2022ರಲ್ಲಿ ಬಂದ ಇದರ 18ನೇ ಆವೃತ್ತಿಯಿಂದ ಕಡತ ತರಿಸುವ 'ಫೆಚ್' ಎಂಬ ಆಜ್ಞೆಯು ಅದರಲ್ಲಿಯೇ ಅಡಕವಾಗಿದ್ದು, ಪ್ರತ್ಯೇಕ ಸಾಧನದ ಅಗತ್ಯವಿಲ್ಲ. ಕೆಲವೇ ಸಾಲುಗಳ ಕಾರ್ಯಕ್ರಮ ಇದಕ್ಕೆ ಸಾಕು.

ಆದರೆ ಮೂರು ಅಂಶಗಳಲ್ಲಿ ಎಚ್ಚರ ವಹಿಸಬೇಕು. ಮೊದಲನೆಯದು, ಕೇಳಿದ ಕಡತ ಸಿಗದೆ ಸರ್ವರ್ 404 ಎಂಬ ಉತ್ತರ ಕಳುಹಿಸಿದರೂ 'ಫೆಚ್' ಅದನ್ನು ವೈಫಲ್ಯವೆಂದು ಪರಿಗಣಿಸುವುದಿಲ್ಲ. ಉತ್ತರದ ಸಂಖ್ಯೆ 200 ಇದೆಯೇ ಎಂದು ಕಾರ್ಯಕ್ರಮವೇ ನೋಡದಿದ್ದಲ್ಲಿ, ದೋಷಸೂಚನೆಯ ಪುಟವೇ ಧಾರಣೆಪಟ್ಟಿಯ ಹೆಸರಿನಲ್ಲಿ ಉಳಿದುಬಿಡುತ್ತದೆ.

ಎರಡನೆಯದು, ಸಂಪರ್ಕ ನಡುವೆ ಕಡಿದರೆ ಅಥವಾ ವಿದ್ಯುತ್ ಹೋದರೆ ಅರ್ಧ ಕಡತ ಉಳಿಯುತ್ತದೆ. ಆದುದರಿಂದ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಯಿಸಿ, ಪೂರ್ಣವಾಗಿ ಬಂದ ಮೇಲೆಯೇ ನಿಜವಾದ ಹೆಸರನ್ನು ಕೊಡಬೇಕು. ಹಿಂದಿನ ದಿನದ ಕಡತವನ್ನು ಅಳಿಸದೆ, ದಿನಾಂಕದೊಡನೆ ಬೇರೆಯಾಗಿ ಇರಿಸುವುದು ಕ್ಷೇಮ.

ಮೂರನೆಯದು, ಸಂಪೂರ್ಣವಾಗಿ ಬಂದ ಕಡತವೂ ಹಳೆಯದಾಗಿರಬಹುದು. ರಜಾದಿನಗಳಲ್ಲಿ ಹಾಗೂ ಮಾರುಕಟ್ಟೆಯಿಂದ ವರದಿ ತಡವಾದಾಗ ಹೊಸ ದರ ಇರುವುದಿಲ್ಲ. ಕಡತದೊಳಗಿನ ದಿನಾಂಕ, ಮಾರುಕಟ್ಟೆಯ ಹೆಸರು, ಸರಕಿನ ಬಗೆ ಇವುಗಳನ್ನು ಹೋಲಿಸಬೇಕು. ಕನಿಷ್ಠ, ಗರಿಷ್ಠ ದರಗಳ ಜೊತೆಗೆ ಕೊಡುವ ಮೋಡಲ್ ದರವು ಸರಾಸರಿಯಲ್ಲ, ಹೆಚ್ಚು ಮಾಲು ಮಾರಾಟವಾದ ದರ ಎಂಬುದನ್ನೂ ನೆನಪಿಡಬೇಕು.

ಈ ಮೂರರಲ್ಲಿ ಒಂದು ಪರೀಕ್ಷೆ ವಿಫಲವಾದರೂ ಕಾರ್ಯಕ್ರಮವು ದರ ತೋರಿಸದೆ 'ಇಂದಿನ ಧಾರಣೆ ಬಂದಿಲ್ಲ' ಎಂದು ತಿಳಿಸುವಂತಿರಬೇಕು. ಧಾರಣೆ ಬಂದಿಲ್ಲವೆಂದು ತಿಳಿದ ವರ್ತಕರು ದೂರವಾಣಿಯಲ್ಲಿ ವಿಚಾರಿಸಿಕೊಳ್ಳುತ್ತಾರೆ. ಹಳೆಯ ದರವನ್ನೇ ಹೊಸದೆಂದು ನಂಬಿದವರಿಗಾದರೋ ನಷ್ಟ ತಿಳಿಯುವುದು ಲೆಕ್ಕ ಚುಕ್ತಾ ಆದ ಮೇಲೆಯೇ.