ಹೊರೆಗೆ ತಕ್ಕ ಗಾಳಿ

ಎತ್ತಿನ ಬಂಡಿ ನಿಲ್ಲುತ್ತಿದ್ದ ಎಷ್ಟೋ ಅಂಗಳಗಳಲ್ಲಿ ಇಂದು ಪಿಕಪ್ ವಾಹನ ನಿಂತಿರುವುದನ್ನು ನಾವು ಕಾಣುತ್ತೇವೆ. ಅದರ ಟೈರಿನ ಬದಿಯಲ್ಲಿ ಮೂಡಿಸಿದ ಅಂಕಿಯು ಟೈರು ತಾಳುವ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಗಾಳಿಯ ಅಳತೆಯಲ್ಲ. ಸರಿಯಾದ ಪ್ರಮಾಣವನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಾಗಲಿ ಕೈಪಿಡಿಯಲ್ಲಾಗಲಿ ನೋಡಬೇಕು.

ಈರುಳ್ಳಿ ಮೂಟೆಗಳ ಭಾರ ಹೆಚ್ಚಾಗಿ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ, ಹೇರು ತುಂಬಿದಾಗ ಅಲ್ಲಿಗೆ ಹೆಚ್ಚು ಗಾಳಿ ಬೇಕು. ಗಾಳಿ ಸಾಲದಿದ್ದರೆ ಟೈರಿನ ಬದಿ ಬಾಗಿ ಬಾಗಿ ಕಾದು ಒಡೆಯಬಹುದು. ಅತಿಯಾದರೆ ನಡುಭಾಗ ಸವೆದು ನೆಲದ ಹಿಡಿತ ತಗ್ಗುತ್ತದೆ. ವಾಹನ 3 ಗಂಟೆಯಾದರೂ ನಿಂತು ತಣಿದ ಮೇಲೆಯೇ ಅಳೆಯಬೇಕು. ಓಡಿ ಬಿಸಿಯಾದ ಟೈರಿನ ಗಾಳಿಯನ್ನು ಇಳಿಸಬಾರದು.

ಬೆಳೆದ ಫಸಲೂ ಮನೆಯವರ ಜೀವವೂ ಆ ಗಾಳಿಯನ್ನೇ ನಂಬಿ ಸಾಗುತ್ತವೆ ಎಂಬುದನ್ನು ನಾವು ಮರೆಯಬಾರದು.